ಭಾವ ಮಾಡಿದ ಕೀಲಿಕೈ

ನನ್ನ ಅಕ್ಕನ ಗಂಡನನ್ನು ನಮ್ಮ ಬೀದಿಯವರೆಲ್ಲ ಭಾವ ಎಂದೇ ಕರೆಯುತ್ತಾರೆ. ಅದಕ್ಕೆ ನಾನೇ ಕಾರಣ. ಒಂದೇ ಮಳಿಗೆಗೆ ನಡುವೆ ಹಲಗೆ ಹೊಡೆದು ಎರಡು ಮಾಡಿಕೊಂಡಿದ್ದೇವೆ. ಆ ಕಡೆ ಅವರು ಕೀಲಿಕೈ ಮಾಡುತ್ತಾರೆ, ಈ ಕಡೆ ನಾನು ಗಡಿಯಾರ ರಿಪೇರಿ ಮಾಡುತ್ತೇನೆ. “ಭಾವ, ಸಣ್ಣ ಇಕ್ಕಳ ಕೊಡಿ,” “ಭಾವ, ಆ ಅರದ ಸದ್ದು ಒಂಚೂರು ನಿಲ್ಸಿ,” ಎಂದು ನಾನು ದಿನವಿಡೀ ಹಲಗೆಯಾಚೆಗೆ ಕೂಗುವುದನ್ನು ಕೇಳಿ ಕೇಳಿ ಮೊದಲು ಎದುರಿನ ಔಷಧದಂಗಡಿಯವನು ಶುರು ಹಚ್ಚಿಕೊಂಡ. ಆಮೇಲೆ ಅಂಚೆಯವನು. ಕೊನೆಗೆ ಅವರಿಗಿಂತ ಹಿರಿಯರಾದ ಅಜ್ಜಿಯರೂ ಸುಳ್ಳುಸುಳ್ಳೇ ನಾದಿನಿಯರಾದರು. ಅಕ್ಕನಿಗೆ ಇದರಿಂದ ಮೊದಲಿನಿಂದಲೂ ಕಿರಿಕಿರಿ. “ಇವರು ಊರಿಗೆಲ್ಲ ಭಾವ ಆದ್ರೆ ನಾನು ಊರಿಗೆಲ್ಲ ಏನಾಗ್ಬೇಕೋ?” ಎಂದು ನನ್ನನ್ನೇ ಬೈಯುತ್ತಾಳೆ.

ಭಾವ ಒಳ್ಳೆಯ ಕೆಲಸಗಾರರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಕೈಗಿಂತ ಬಾಯಿ ಹೆಚ್ಚು ಕೆಲಸ ಮಾಡುತ್ತದೆ. ಗಿರಾಕಿ ತಂದ ಕೀಲಿಕೈಯನ್ನೂ ಹಲ್ಲು ಕೊರೆಯದ ಹಿತ್ತಾಳೆಯ ಖಾಲಿ ಕೀಲಿಕೈಯನ್ನೂ ಜೋಡಿಸಿ ಮೇಜಿಗೆ ಬಿಗಿದ ವೈಸಿನ ದವಡೆಗೆ ಕಚ್ಚಿಸುತ್ತಾರೆ. ಅಲ್ಲಿಂದ ಅರದ ಸದ್ದು, ಅವರ ಮಾತು ಎರಡೂ ಒಟ್ಟಿಗೆ ಶುರು. ಎಲ್ಲಿ ಮನೆ, ಯಾಕೆ ಇನ್ನೊಂದು ಕೀಲಿಕೈ, ಮಗಳಿಗೆ ಹೆರಿಗೆ ಆಯಿತೇ, ಎಲ್ಲವೂ ಬೇಕು. ಕೀಲಿಕೈ ಕೊರೆಯುವ ಯಂತ್ರ ಇಟ್ಟುಕೊಳ್ಳಿ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. “ಯಂತ್ರಕ್ಕೆ ಬೀಗದ ಮೇಲೆ ಕರುಣೆ ಇರಲ್ಲ ಕಣೋ,” ಎನ್ನುತ್ತಾರೆ.

ಇದರ ಮೇಲೆ ಅವರಿಗೊಂದು ಹುಚ್ಚಿದೆ. ತಾನು ಮಾಡಿದ ಕೀಲಿಕೈ ಬೀಗದಲ್ಲಿ ಸಲೀಸಾಗಿ ತಿರುಗಿತೇ ಇಲ್ಲವೇ ಎಂದು ಗಿರಾಕಿ ಬಂದು ಹೇಳಬೇಕು. ಹೇಳದೆ ಹೋದವರನ್ನು ಅವರು ಬಿಡುವುದಿಲ್ಲ. ಬಸ್ಸಿನ ಕಿಟಕಿಯಲ್ಲಿ ಮುಖ ಕಂಡರೂ “ತಿರುಗ್ತಾ?” ಎಂದು ಕೂಗುತ್ತಾರೆ. ಒಮ್ಮೆ ಗೋದಾಮಿನ ಯಜಮಾನರೊಬ್ಬರು ಆಸ್ಪತ್ರೆಯಲ್ಲಿದ್ದಾಗ ನಾವಿಬ್ಬರೂ ನೋಡಲು ಹೋಗಿದ್ದೆವು. ಹೇಗಿದ್ದೀರಿ ಎನ್ನುವ ಮೊದಲೇ ಭಾವ ಗೋದಾಮಿನ ಕೀಲಿಕೈಯನ್ನು ವಿಚಾರಿಸಿದರು. ಆ ಮನುಷ್ಯ ಮೂಗಿಗೆ ನಳಿಗೆ ಹಾಕಿಸಿಕೊಂಡಿದ್ದ. ಪಾಪ, ಕೈಯನ್ನೇ ತಿರುಗಿಸಿ ತೋರಿಸಿದ. ನನಗೆ ನಾಚಿಕೆಯಿಂದ ನೆಲಕ್ಕೆ ಇಳಿದುಹೋದಂತಾಯಿತು, ಭಾವನಿಗೆ ಮಾತ್ರ ಸಮಾಧಾನವಾಯಿತು.

ಪೊಲೀಸ್ ಠಾಣೆಗೆ ಅವರನ್ನು ಕರೆಸಿದ ದಿನ ನಾನೂ ಜೊತೆಗಿದ್ದೆ. ಪಕ್ಕದ ಬೀದಿಯ ಟೀಚರಮ್ಮನ ಮನೆಯಲ್ಲಿ ಕಳ್ಳತನವಾಗಿತ್ತು. ಟೀಚರಮ್ಮ ನಿವೃತ್ತರಾಗಿ ಬಹಳ ಕಾಲವಾದರೂ ಅವರು ಎದುರಿಗೆ ಬಂದರೆ ದೊಡ್ಡ ದೊಡ್ಡ ಗಂಡಸರು ಈಗಲೂ ಬೀಡಿ ಬಚ್ಚಿಡುತ್ತಾರೆ. ಅವರು ತಂಗಿಯ ಮನೆಗೆ ಹೋಗಿದ್ದಾಗ ಯಾರೋ ಒಳಹೊಕ್ಕು ಟಿ.ವಿ., ಅವರ ತಾಯಿಯ ಕಾಲದ ಬೆಳ್ಳಿ ಲೋಟಗಳು, ಕೈಗೆ ಸಿಕ್ಕಿದ್ದನ್ನೆಲ್ಲ ಸಾಗಿಸಿದ್ದರು. ಬಾಗಿಲು ಮುರಿದಿರಲಿಲ್ಲ, ಬೀಗ ಒಡೆದಿರಲಿಲ್ಲ. ಕೆಲವೇ ದಿನಗಳಲ್ಲಿ ಕಳ್ಳ ಸಿಕ್ಕಿಬಿದ್ದ. ಹಿಂದಿನ ತಿಂಗಳು ಅದೇ ಮನೆಗೆ ಸುಣ್ಣಬಣ್ಣ ಮಾಡಿದ್ದ ಪೇಂಟರ್ ಅವನು. ಅವನ ಜೇಬಿನಲ್ಲಿ ಹೊಚ್ಚ ಹೊಸ ಹಿತ್ತಾಳೆ ಕೀಲಿಕೈ ಇತ್ತು.

ಠಾಣಾಧಿಕಾರಿ ಆ ಕೀಲಿಕೈಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಮೇಜಿನ ಮೇಲೆ ತಳ್ಳಿ, ಇದು ಯಾರ ಕೆಲಸ ಎಂದು ಕೇಳಿದರು. ಠಾಣೆಯಲ್ಲಿ ಇಂಥ ಪ್ರಶ್ನೆ ಕೇಳಿದರೆ ಯಾವ ಮನುಷ್ಯನಾದರೂ ಒಂದು ಗಳಿಗೆ ಯೋಚಿಸುತ್ತಾನೆ. ನಮ್ಮ ಭಾವ ಯೋಚಿಸಲಿಲ್ಲ. ಚೀಲವನ್ನು ಬೆಳಕಿಗೆ ಹಿಡಿದರು, ಅವರ ಮುಖ ಅರಳಿತು.

“ನಂದೇ ಸಾರ್. ಅಂಚು ನೋಡಿ, ಎಷ್ಟು ನುಣ್ಣಗೆ ಬಂದಿದೆ. ಯಂತ್ರದಲ್ಲಿ ಇಂಥದ್ದು ಬರಲ್ಲ.”

ನಾನು ಮೇಜಿನಡಿಯಲ್ಲಿ ಅವರ ಕಾಲು ತುಳಿದೆ. ಅವರು ಕಾಲು ಹಿಂದಕ್ಕೆಳೆದುಕೊಂಡು ಮುಂದುವರಿಸಿದರು. “ತಿರುಗ್ತಾ ಸಾರ್? ಆ ಮನುಷ್ಯ ಬಂದು ಹೇಳಲೇ ಇಲ್ಲ.”

ಅಧಿಕಾರಿ ಎಲ್ಲವನ್ನೂ ಬರೆದುಕೊಂಡರು. ಕೀಲಿಕೈ ಮಾಡಿದವನಿಗೆ ಎಲ್ಲಾ ಗೊತ್ತಿತ್ತು ಎಂದು ಪೇಂಟರ್ ಆಗಲೇ ಹೇಳಿಬಿಟ್ಟಿದ್ದ. ಈಗ ಭಾವನ ಬಾಯಿಂದಲೇ ಕೀಲಿಕೈ ತಮ್ಮದೆಂದು ಬಂತು. ಗೊತ್ತಿದ್ದೂ ಗೊತ್ತಿದ್ದೂ ಕಳ್ಳತನಕ್ಕೆ ನೆರವಾದ ಆರೋಪದ ಮೇಲೆ ನಮ್ಮ ಭಾವ ಎರಡನೇ ಆರೋಪಿಯಾದರು. ಜಾಮೀನು ಸಿಕ್ಕಿ ಮನೆಗೆ ಬಂದರು. ಅಕ್ಕ ವಿಷಯ ಕೇಳಿ ಸೌಟನ್ನು ಕೈಯಲ್ಲಿ ಹಿಡಿದೇ ಬಾಗಿಲಿಗೆ ಓಡಿ ಬಂದಳು.

ಬೀದಿ ಅವರನ್ನು ಕಳ್ಳ ಎಂದು ಕರೆಯಲಿಲ್ಲ. ಕರೆದಿದ್ದರೆ ಜಗಳವಾದರೂ ಆಡಬಹುದಿತ್ತು. ಎಲ್ಲರೂ ಮೊದಲಿನಂತೆ ಭಾವ ಎಂದೇ ಮಾತಾಡಿಸಿದರು, ಆರೋಗ್ಯ ವಿಚಾರಿಸಿದರು, ಆಮೇಲೆ ಜೇಬಿನಲ್ಲಿದ್ದ ಕೀಲಿಕೈಯನ್ನು ಜೇಬಿನಲ್ಲೇ ಇಟ್ಟುಕೊಂಡು ಬಸ್ ನಿಲ್ದಾಣದ ಬಳಿಯ ಯಂತ್ರದಂಗಡಿಗೆ ನಡೆದರು. ಹಲಗೆಯಾಚೆ ಅರದ ಸದ್ದಿಲ್ಲ. ಆ ಸದ್ದು ನಿಲ್ಲಲಿ ಎಂದು ವರ್ಷಗಟ್ಟಲೆ ಗೊಣಗಿದವನು ನಾನು. ನಿಂತ ಮೇಲೆ ಒಂದು ಗಡಿಯಾರದ ಮುಳ್ಳನ್ನೂ ನೆಟ್ಟಗೆ ಕೂರಿಸಲಾಗುತ್ತಿರಲಿಲ್ಲ. ಭಾವ ಸುಮ್ಮನೆ ಕೂತು ಖಾಲಿ ಕೀಲಿಕೈಗಳನ್ನು ಒರೆಸಿ ಒರೆಸಿ ಮತ್ತೆ ಮೊಳೆಗೆ ನೇತುಹಾಕುತ್ತಿದ್ದರು. “ಜೈಲಿಗೆ ಹೋದ್ರೆ ಹೋದೆ. ಇನ್ನೊಬ್ಬರ ಮನೆ ಕೀಲಿಕೈ ನನ್ನ ಕೈಗೆ ಬರದೆ ಹೋದ್ರೆ ನಾನು ಬದುಕಿ ಏನು ಮಾಡ್ಲಿ?” ಎಂದು ಒಂದು ದಿನ ನನ್ನ ಮುಖ ನೋಡದೆ ಹೇಳಿದರು.

ಲಾಯರಿಗೆ ಕೊಡಲು ಕೈಯಲ್ಲಿ ಏನೂ ಇರಲಿಲ್ಲವಾದ್ದರಿಂದ ಕೋರ್ಟೇ ಒಬ್ಬರನ್ನು ಗೊತ್ತುಮಾಡಿ ಕೊಟ್ಟಿತು. ಬಂದದ್ದು ಒಬ್ಬ ಹುಡುಗಿ. ಕರಿಕೋಟು ಅವಳಿಗಿಂತ ಎರಡು ಅಳತೆ ದೊಡ್ಡದು. ಮುಗಿಯಿತು ಕಥೆ ಎಂದುಕೊಂಡೆ. ನಮ್ಮ ಮನೆಯ ಒಂದೇ ಒಂದು ಕುರ್ಚಿಯಲ್ಲಿ ಕೂತು, ಅಕ್ಕ ಕೊಟ್ಟ ಚಹಾ ಹೀರುತ್ತ, ಭಾವನಿಂದ ಎಲ್ಲವನ್ನೂ ಮೊದಲಿನಿಂದ ಹೇಳಿಸಿದಳು. ಪೇಂಟರ್ ನೀಟಾಗಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಅತ್ತೆಯ ಮನೆ ಕೀಲಿಕೈ, ಹೆಂಡತಿ ಪದೇ ಪದೇ ಕಳೆಯುತ್ತಾಳೆ, ಇನ್ನೊಂದು ಬೇಕು ಎಂದಿದ್ದ. ಭಾವ ಅತ್ತೆಯಂದಿರ ವಿಷಯದಲ್ಲಿ ಅವನಿಗೆ ಉಪದೇಶ ಬೇರೆ ಮಾಡಿ ಕಳಿಸಿದ್ದರು.

ಅಕ್ಕನಿಗೆ ಇದೆಲ್ಲ ಬೇಕಿರಲಿಲ್ಲ. “ಅದು ನಂದಲ್ಲ ಅಂತ ಹೇಳಿಬಿಡ್ಲಿ ಲಾಯರಮ್ಮ. ಹಿತ್ತಾಳೆ ಕೀಲಿಕೈ ಯಾರು ಬೇಕಾದ್ರೂ ಮಾಡಬಹುದು. ಅವತ್ತು ಗಾಬರಿಲಿ ಏನೋ ಅಂದೆ ಅಂದ್ರಾಯ್ತು.”

ನನಗೂ ಅದೇ ಸರಿ ಎನ್ನಿಸಿತು, ತಲೆಯಾಡಿಸಿದೆ. ಭಾವ ಮಾತ್ರ ಹೆಂಡತಿಯನ್ನು ದುರುಗುಟ್ಟಿ ನೋಡಿದರು. “ನಾನು ಮಾಡಿದ್ದನ್ನ ನಂದಲ್ಲ ಅಂತ ಅನ್ನಲ್ಲ. ಆ ಅಂಚು ಇನ್ಯಾರ ಕೈಲೂ ಬರಲ್ಲ.”

ಲಾಯರಮ್ಮ ನಕ್ಕಳು. “ಅನ್ನೋದೂ ಬೇಡ ಅಕ್ಕ. ಕೀಲಿಕೈ ಇವರದ್ದೇ, ಇರ್ಲಿ. ಕೀಲಿಕೈ ಮಾಡೋದು ಅಪರಾಧ ಅಲ್ವಲ್ಲ. ಕೈ ಮಾಡಿದ ಕೆಲಸ ಒಂದು, ಅದರ ಹಿಂದೆ ಇದ್ದ ಮನಸ್ಸು ಇನ್ನೊಂದು. ಇದು ಕಳ್ಳತನಕ್ಕೆ ಅಂತ ಇವರಿಗೆ ಗೊತ್ತಿತ್ತು ಅನ್ನೋದು ಸಾಬೀತಾಗ್ಬೇಕು. ಎರಡೂ ಸೇರಿದ್ರೇನೇ ತಪ್ಪು.”

“ಗೊತ್ತಿರಲಿಲ್ಲ ಅಂತ ನಾನು ಹೆಂಗಮ್ಮ ತೋರಿಸ್ಲಿ?” ಭಾವ ಕಂಗಾಲಾಗಿ ಕೇಳಿದರು. “ತಲೆ ಬಿಚ್ಚಿ ತೋರಿಸೋಕಾಗುತ್ತಾ?”

“ತೋರಿಸೋ ಕೆಲಸ ನಿಮ್ಮದಲ್ಲ ಯಜಮಾನ್ರೇ. ಗೊತ್ತಿತ್ತು ಅಂತ ಹೇಳ್ತಿರೋದು ಸರ್ಕಾರದವರು, ಅವರೇ ತೋರಿಸ್ಬೇಕು. ಅದೂ ಹಾಗಿರಬಹುದು, ಹೀಗಿರಬಹುದು ಅಂತಲ್ಲ. ಕೇಳಿದವರ ಮನಸ್ಸಿನಲ್ಲಿ ನ್ಯಾಯವಾದ ಒಂದು ಅನುಮಾನವೂ ಉಳೀಬಾರದು. ಅಲ್ಲೀವರೆಗೂ ನೀವು ನಿರಪರಾಧಿ. ನೀವು ಬಾಯಿ ಮುಚ್ಕೊಂಡು ನಿಂತ್ರೂ ಅದು ನಿಮ್ಮ ಹಕ್ಕು.”

“ಅದೊಂದು ಬಿಟ್ಟು ಬೇರೆ ಏನಾದ್ರೂ ಹೇಳಮ್ಮ,” ಎಂದಳು ಅಕ್ಕ. “ಇವರ ಬಾಯಿ ಮುಚ್ಚಿಸೋಕೆ ನಮ್ಮಪ್ಪನ ಕೈಲೂ ಆಗಿಲ್ಲ.”

ವಿಚಾರಣೆಯ ದಿನ ನಮ್ಮ ಅರ್ಧ ಬೀದಿ ಕೋರ್ಟಿನಲ್ಲಿತ್ತು. ಹಳೆಯ ಕಟ್ಟಡ, ಎತ್ತರದ ಕಿಟಕಿಗಳು, ಕಿರಗುಟ್ಟುವ ಬೆಂಚುಗಳು, ನ್ಯಾಯಾಧೀಶರ ತಲೆಯ ಮೇಲೆ ನಿಂತುಹೋದ ಒಂದು ಗಡಿಯಾರ. ಅದನ್ನು ನೋಡಿ ನನ್ನ ಕೈ ತುರಿಸಿತು. ಔಷಧದಂಗಡಿಯವನು ಸಾಕ್ಷಿ ಹೇಳುವಾಗ “ಆ ದಿನ ಭಾವ ಅಂಗಡಿಯಲ್ಲೇ ಇದ್ದರು” ಎಂದ. ಆಮೇಲೆ ಬಂದ ಅಂಚೆಯವನೂ ಭಾವ ಎಂದ. ನ್ಯಾಯಾಧೀಶರು ಕನ್ನಡಕ ಕೆಳಗಿಳಿಸಿ, “ಈ ಆರೋಪಿಗೆ ಎಷ್ಟು ಜನ ಭಾವಮೈದುನರಿದ್ದಾರೆ?” ಎಂದು ಕೇಳಿದರು. ಇಡೀ ಸಭಾಂಗಣ ನಕ್ಕಿತು. ನಾನು ಬೆಂಚಿನಿಂದ ಅರ್ಧ ಎದ್ದು, ನಿಜವಾದವನು ನಾನೊಬ್ಬನೇ ಎಂದು ಹೇಳಬೇಕೆಂದಿದ್ದೆ. ಅಕ್ಕ ಅಂಗಿ ಜಗ್ಗಿ ಕೂರಿಸಿದಳು.

ಪೇಂಟರ್ ತನ್ನ ತಪ್ಪನ್ನು ಮೊದಲೇ ಒಪ್ಪಿಕೊಂಡಿದ್ದ. ಈಗ ಸರ್ಕಾರಿ ವಕೀಲರು ಕೇಳಿದಾಗ ಭಾವನ ಕಡೆ ಬೆರಳು ತೋರಿಸಿ, ಅವರಿಗೆ ಎಲ್ಲಾ ಗೊತ್ತಿತ್ತು ಎಂದ. ನಮ್ಮ ಲಾಯರಮ್ಮ ಎದ್ದಳು.

“ಕೀಲಿಕೈ ಯಾರ ಮನೇದು ಅಂತ ಇವರಿಗೆ ಹೇಳಿದ್ರಿ?”

“ನಮ್ಮತ್ತೆ ಮನೇದು ಅಂತ.”

“ಕಳ್ಳತನಕ್ಕೆ ಅಂತ ಹೇಳಿದ್ರಾ?”

“ಅದನ್ನ ಯಾರಾದ್ರೂ ಹೇಳ್ತಾರಾ?”

“ಹಾಗಾದ್ರೆ ಇವರಿಗೆ ಗೊತ್ತಾಗಿದ್ದು ಹೇಗೆ?”

“ಮುಖ ನೋಡಿದ್ರೆ ಗೊತ್ತಾಗಲ್ವಾ ಮೇಡಂ?”

ಆಮೇಲೆ ಠಾಣಾಧಿಕಾರಿಯ ಸರದಿ. ಅವರು ನೇರ ಮನುಷ್ಯ, ಬರೆದುಕೊಂಡದ್ದನ್ನು ಇದ್ದ ಹಾಗೆಯೇ ಓದಿದರು. ಕೀಲಿಕೈ ನನ್ನದೇ ಎಂದು ಆರೋಪಿ ಒಪ್ಪಿದ ಎನ್ನುವವರೆಗೆ ಸರ್ಕಾರಿ ವಕೀಲರು ಓದಿಸಿ ನಿಲ್ಲಿಸಿದ್ದರು. ಲಾಯರಮ್ಮ ಮುಂದಿನದನ್ನೂ ಓದಿ ಎಂದಳು. ಅಧಿಕಾರಿ ಗಂಟಲು ಸರಿಮಾಡಿಕೊಂಡು ಓದಿದರು: “‘ತಿರುಗ್ತಾ ಸಾರ್? ಆ ಮನುಷ್ಯ ಬಂದು ಹೇಳಲೇ ಇಲ್ಲ.’”

ಬೆಂಚುಗಳ ಮೇಲೆ ನಗು ಹರಡಿತು. ಭಾವನ ಕೀಲಿಕೈ ಕೊಂಡವರೇ ಅರ್ಧ ಜನ ಅಲ್ಲಿದ್ದರು. ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಅವರೆಲ್ಲ ಒಂದಲ್ಲ ಒಂದು ಸಲ ದಾರಿ ಬದಲಿಸಿದವರು. ಲಾಯರಮ್ಮ ನಗಲಿಲ್ಲ. “ಕಳ್ಳತನಕ್ಕೆ ಅಂತ ಗೊತ್ತಿದ್ದೇ ಮಾಡಿದವನು ಪೊಲೀಸರ ಮುಂದೆ ಕೂತು, ಕೀಲಿಕೈ ಚೆನ್ನಾಗಿ ತಿರುಗ್ತಾ ಅಂತ ವಿಚಾರಿಸ್ತಾನಾ? ನಿಮ್ಮ ಅನುಭವದಲ್ಲಿ ಅಂಥವನನ್ನ ನೋಡಿದ್ದೀರಾ?” ಎಂದು ಕೇಳಿದಳು. ಅಧಿಕಾರಿ ಇಲ್ಲ ಎಂದರು. ನಾನು ಠಾಣೆಯಲ್ಲಿ ಆ ಮಾತನ್ನು ನಿಲ್ಲಿಸಲು ಭಾವನ ಕಾಲು ತುಳಿದದ್ದು ನೆನಪಾಗಿ, ತುಳಿತ ಇನ್ನಷ್ಟು ಗಟ್ಟಿಯಾಗಿರಲಿಲ್ಲವಲ್ಲ ಎಂದು ದೇವರಿಗೆ ಕೈಮುಗಿದೆ.

ಕೊನೆಗೆ ಟೀಚರಮ್ಮ ಬಂದರು. ನನಗೆ ಭಯವಿದ್ದದ್ದು ಅವರದೇ. ಕಳಕೊಂಡವರು ಅವರು. ಬೆಳ್ಳಿ ಲೋಟಗಳು ಪೂರ್ತಿ ಸಿಕ್ಕಿರಲಿಲ್ಲ. ಅವರು ಕಟಕಟೆಯ ಕಂಬಿ ಹಿಡಿದು ಭಾವನನ್ನು ನೆಟ್ಟಗೆ ನೋಡಿದರು, ಹೋಂವರ್ಕ್ ಮಾಡದೆ ಬಂದ ಹುಡುಗನನ್ನು ನೋಡುವ ಹಾಗೆ. ಯಾರೋ ಬಂದು ಕೇಳಿದ ಕೂಡಲೇ ಕೀಲಿಕೈ ಮಾಡಿಕೊಡುವವನಿಗೆ ಒಳಗಿನ ವಿಷಯ ಗೊತ್ತೇ ಇರಬೇಕಲ್ಲವೇ ಎಂದು ಸರ್ಕಾರಿ ವಕೀಲರು ಕೇಳಿದರು.

“ಇರಬಹುದು, ಇಲ್ಲದೇನೂ ಇರಬಹುದು,” ಎಂದರು ಟೀಚರಮ್ಮ. “ನನಗೆ ಇವರ ಮೇಲೆ ಸಿಟ್ಟಿದೆ. ಅಷ್ಟು ಮಾತಾಡೋರು ಇನ್ನೊಂದು ಮಾತು ಕೇಳಬಹುದಿತ್ತು. ಆದರೆ ಅಸಲು ಕೀಲಿಕೈಯನ್ನ ಆ ಪೇಂಟರ್ ಕೈಗೆ ಕೊಟ್ಟವಳು ನಾನು. ವಾರಗಟ್ಟಲೆ ನನ್ನ ಮನೇಲಿ ಕೆಲಸ ಮಾಡ್ದ, ನನಗೇ ಅವನ ಮೇಲೆ ಅನುಮಾನ ಬರಲಿಲ್ಲ. ಒಂದು ಗಳಿಗೆ ನೋಡಿದ ಇವರಿಗೆ ಬರಬೇಕಿತ್ತು ಅಂತ ಹೇಗೆ ಹೇಳ್ಲಿ? ಇವರಿಗೆ ಗೊತ್ತಿತ್ತೋ ಇಲ್ವೋ, ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಗೊತ್ತು ಅನ್ನೋ ಅಭ್ಯಾಸ ನನಗಿಲ್ಲ.”

ಕೆಲವು ದಿನಗಳ ಮೇಲೆ ತೀರ್ಪು ಬಂತು. ಕೀಲಿಕೈಯನ್ನು ಎರಡನೇ ಆರೋಪಿ ಮಾಡಿದ್ದು ನಿಜ. ಆದರೆ ಅದರ ಉದ್ದೇಶ ಅವರಿಗೆ ತಿಳಿದಿತ್ತೆಂಬುದಕ್ಕೆ ಸಹ ಆರೋಪಿಯ ಬರಿಯ ಮಾತನ್ನು ಬಿಟ್ಟರೆ ಪುರಾವೆಯಿಲ್ಲ. ಆರೋಪ ಸಾಬೀತಾಗದ ಕಾರಣ ಬಿಡುಗಡೆ ಮಾಡಲಾಗಿದೆ. ಅಕ್ಕ ಅಲ್ಲೇ ಅತ್ತಳು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ. ಭಾವ ಮಾತ್ರ ಮುಖ ಗಂಟು ಹಾಕಿಕೊಂಡು ಮೆಟ್ಟಿಲಿಳಿದರು.

“ಸಾಬೀತಾಗಿಲ್ಲ ಅಂದ್ರು. ಇವನು ತಪ್ಪು ಮಾಡಿಲ್ಲ ಅಂತ ಬಾಯಿಬಿಟ್ಟು ಹೇಳಲೇ ಇಲ್ವಲ್ಲಮ್ಮ.”

“ಅದನ್ನ ಹೇಳೋ ಅಗತ್ಯ ಇರಲಿಲ್ಲ ಯಜಮಾನ್ರೇ,” ಎಂದಳು ಲಾಯರಮ್ಮ, ದೊಡ್ಡ ಕೋಟನ್ನು ತೋಳಿನ ಮೇಲೆ ಮಡಚಿಕೊಳ್ಳುತ್ತ. “ಒಳಗೆ ಹೋಗುವಾಗಲೇ ನೀವು ನಿರಪರಾಧಿಯಾಗಿದ್ರಿ. ಅದನ್ನ ನಿಮ್ಮಿಂದ ಕಿತ್ಕೊಳ್ಳೋಕೆ ಅವರ ಕೈಲಿ ಆಗಲಿಲ್ಲ. ಕಿತ್ಕೊಳ್ಳದ್ದನ್ನ ವಾಪಸ್ ಕೊಡೋದು ಹೇಗೆ?”

ಭಾವನಿಗೆ ಅದು ಅರ್ಥವಾಯಿತೋ ಇಲ್ಲವೋ, ತಲೆಯಾಡಿಸಿದರು. ಈ ಹುಡುಗಿಯನ್ನು ನೋಡಿ ಮುಗಿಯಿತು ಕಥೆ ಎಂದುಕೊಂಡ ನನ್ನ ಬುದ್ಧಿಗೆ ನಾನೇ ಛೀಮಾರಿ ಹಾಕಿಕೊಂಡೆ. ಅವಳ ಮನೆಯ ಗೋಡೆ ಗಡಿಯಾರವನ್ನು ಈಗ ನಾನೇ ನೋಡಿಕೊಳ್ಳುತ್ತೇನೆ.

ಕಷ್ಟ ಮುಗಿಯಿತೆಂದು ನಾವು ಅಂದುಕೊಂಡೆವು. ಆದರೆ ಹೊಸದೊಂದು ಶುರುವಾಯಿತು. ಗಿರಾಕಿಗಳು ಒಬ್ಬೊಬ್ಬರಾಗಿ ಮತ್ತೆ ಬರತೊಡಗಿದರು. ಈಗ ಭಾವನೇ ಅವರನ್ನು ನಂಬುತ್ತಿರಲಿಲ್ಲ. ಹಿಂದೆ ಊರ ಸುದ್ದಿಗೆಲ್ಲ ಬಾಯಿ ಹಾಕುತ್ತಿದ್ದ ಮನುಷ್ಯ ಈಗ ಹುಬ್ಬು ಗಂಟಿಕ್ಕಿಕೊಂಡು ಕೂತಿರುತ್ತಿದ್ದರು. ಯಾವ ಮನೆ? ನಿಮ್ಮದೇ ಅನ್ನೋದಕ್ಕೆ ಏನು ಗುರುತು? ಬೀಗಾನೇ ಕಳಚಿ ತನ್ನಿ. ಪಕ್ಕದ ಮನೆಯವರನ್ನು ಕರೆತನ್ನಿ. ದಿನಾ ನೋಡುವ ಅಂಚೆಯವನು ತನ್ನ ಸೈಕಲ್ ಬೀಗಕ್ಕೆ ಕೀಲಿಕೈ ಕೇಳಿದರೆ, ಸೈಕಲ್ ನಿನ್ನದೇ ಅಂತ ಏನು ಗ್ಯಾರಂಟಿ ಎಂದು ಬಿಟ್ಟರು. ಅವನು ಮುಖ ಸಿಂಡರಿಸಿಕೊಂಡು ಹೋದ.

ನನಗೆ ರೇಗಿಹೋಯಿತು. ಹಲಗೆಯ ಮೇಲಿಂದ ತಲೆ ಹಾಕಿ ಹೇಳಿದೆ, “ವಿಚಾರಿಸೋದು ಸರಿ ಭಾವ, ನಾಲ್ಕು ಮಾತು ವಿಚಾರಿಸಿ. ಆದ್ರೆ ಬಂದವರೆಲ್ಲ ಕಳ್ಳರಲ್ಲ ಅಂತ ಅವರೇ ತೋರಿಸಬೇಕು ಅಂತೀರಲ್ಲ. ನಿಮ್ಮನ್ನ ಹಾಗೆ ಕೇಳಿದ್ರೆ ನೀವೀಗ ಎಲ್ಲಿರ್ತಿದ್ರಿ?”

“ನೀನು ಗಡಿಯಾರ ನೋಡು,” ಎಂದರು.

ಹೀಗೆ ಮಾತಿಗೆ ಮಾತು ಬೆಳೆದು ನಾವಿಬ್ಬರೂ ಮುಖ ತಿರುಗಿಸಿ ಕೂತಿದ್ದ ಒಂದು ಬೆಳಿಗ್ಗೆ ಟೀಚರಮ್ಮ ಬಂದರು. ಬೀದಿ ಒಂದು ಕ್ಷಣ ನಿಂತೇ ಹೋಯಿತು. ಔಷಧದಂಗಡಿಯವನು ಗಿರಾಕಿಗೆ ಕೊಡಬೇಕಾದ ಮಾತ್ರೆಯನ್ನು ಕೈಯಲ್ಲೇ ಹಿಡಿದು ನೋಡುತ್ತಿದ್ದ. ಅವರು ಚೀಲದಿಂದ ಒಂದು ಕೀಲಿಕೈ ತೆಗೆದು ಭಾವನ ಮುಂದಿಟ್ಟರು. ಕಳ್ಳತನದ ಮೇಲೆ ಹಾಕಿಸಿದ ಹೊಸ ಬೀಗದ್ದು.

“ಇದಕ್ಕೊಂದು ಜೊತೆ ಬೇಕು. ಹೊಸ ಕೆಲಸದವಳು ಬೆಳಿಗ್ಗೆ ಬೇಗ ಬರ್ತಾಳೆ. ಅವಳ ಕೈಗೆ ಕೊಡೋದಕ್ಕೆ.”

ಭಾವ ಕೀಲಿಕೈ ಮುಟ್ಟಲಿಲ್ಲ. ಅಭ್ಯಾಸ ಬಲದಿಂದ ಬಾಯಿ ತೆರೆದರು. “ಇದು ನಿಮ್ಮನೇದೇ ಅನ್ನೋದಕ್ಕೆ...” ಎಂದವರು ಅಲ್ಲಿಗೇ ನಿಂತರು. ಕಿವಿಯವರೆಗೂ ಕೆಂಪಾದರು. ಯಾರ ಮನೆ ಲೂಟಿಯಾಗಿತ್ತೋ ಅವರನ್ನೇ ಕೇಳಿಬಿಟ್ಟಿದ್ದರು. ನಾನು ಹಲಗೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಟೀಚರಮ್ಮ ಕನ್ನಡಕದ ಮೇಲಿಂದ ಅವರನ್ನು ನೋಡಿದರು. “ನಂದಲ್ಲ ಅಂತ ನಿಮಗೆ ಅನುಮಾನ ಇದ್ರೆ ನೀವೇ ಸಾಬೀತು ಮಾಡಿ. ನಾನ್ಯಾಕೆ ಮಾಡ್ಲಿ? ಅವತ್ತು ಇಡೀ ದಿನ ಕೋರ್ಟ್ ಬೆಂಚಿನ ಮೇಲೆ ಕೂತು ಸೊಂಟ ನೋಯಿಸ್ಕೊಂಡಿದ್ದು ಸುಮ್ನೇನಾ?”

ಭಾವ ನಗಲು ಹೋದರು. ಕಣ್ಣಲ್ಲಿ ನೀರು ಬಂತು. ಅಂಗಿಯ ತೋಳಿನಿಂದ ಒರೆಸಿಕೊಂಡು ಕೀಲಿಕೈಯನ್ನು ಕೈಗೆತ್ತಿಕೊಂಡರು. ಖಾಲಿ ಕೀಲಿಕೈಗಳಲ್ಲಿ ಒಳ್ಳೆಯದನ್ನು ಆರಿಸಿ, ಎರಡನ್ನೂ ಜೋಡಿಸಿ ವೈಸಿಗೆ ಕಚ್ಚಿಸಿದರು. ಅರದ ಸದ್ದು ಶುರುವಾಯಿತು. ಆಮೇಲೆ ಕೆಲಸದವಳು ಯಾವ ಕಡೆಯವಳು, ಅವಳಿಗೆ ಎಷ್ಟು ಮಕ್ಕಳು, ಟೀಚರಮ್ಮನ ಸೊಂಟಕ್ಕೆ ಯಾವ ಎಣ್ಣೆ ಒಳ್ಳೆಯದು ಎಂದೆಲ್ಲ ಭಾವನ ಬಾಯಿ ಓಡತೊಡಗಿತು. ನಾನು ಕೆಲಸ ಬಿಟ್ಟು ಕೇಳುತ್ತ ಕೂತೆ. ಇಷ್ಟು ವರ್ಷದಲ್ಲಿ ಆ ಗಲಾಟೆ ನನಗೆ ಹಿತವಾಗಿ ಕೇಳಿಸಿದ್ದು ಅದೇ ಮೊದಲು.

ಕೀಲಿಕೈಯನ್ನು ಬಟ್ಟೆಯಿಂದ ಒರೆಸಿ ಕೊಡುವಾಗ ಭಾವನ ತುಟಿ ಅಲುಗಿತು. ಅವರು ಏನು ಹೇಳಬೇಕೆಂದಿದ್ದರೋ ಇಡೀ ಬೀದಿಗೆ ಗೊತ್ತು. ಹೇಳಲಿಲ್ಲ. ಆ ಮಾತನ್ನು ಆ ಮನೆಯವರಿಗೆ ಹೇಳುವ ಧೈರ್ಯ ಅವರಿಗೆ ಬರಲಿಲ್ಲ. ಟೀಚರಮ್ಮ ಕೀಲಿಕೈಯನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದರು.

ಮಧ್ಯಾಹ್ನದ ಬಿಸಿಲಲ್ಲಿ ಅವರು ಸೊಂಟಕ್ಕೆ ಕೈಕೊಟ್ಟುಕೊಂಡು ಮತ್ತೆ ನಡೆದು ಬರುತ್ತಿದ್ದುದು ಕಾಣಿಸಿತು. ಕೀಲಿಕೈ ಸರಿಯಾಗಿಲ್ಲವೇನೋ ಎಂದುಕೊಂಡೆ. ಭಾವ ಆಗಲೇ ಎದ್ದು ನಿಂತಿದ್ದರು. ಟೀಚರಮ್ಮ ಮಳಿಗೆಯ ಮೆಟ್ಟಿಲು ಹತ್ತಲಿಲ್ಲ. ರಸ್ತೆಯ ಆಚೆ ಬದಿಯಲ್ಲೇ ನಿಂತು, ತರಗತಿಯ ಹಿಂದಿನ ಬೆಂಚಿನವರೆಗೂ ಕೇಳುವ ಆ ಧ್ವನಿಯಲ್ಲಿ ಹೇಳಿದರು.

“ಸಲೀಸಾಗಿ ತಿರುಗ್ತು, ಭಾವ.”